ಎಂಟನೇ ಮಹಡಿಯಿಂದ ಒಮಾನಿನ ಬೆಟ್ಟಕ್ಕೆ

ಕುವೈತಿನ ಅಬು ಹಲೀಫಾದಲ್ಲಿ ನಾವಿದ್ದ ಕಟ್ಟಡದ ಲಿಫ್ಟು ಕೆಟ್ಟು ನಿಂತದ್ದು ನೆತ್ತಿ ಸುಡುವ ಜೂನ್ ತಿಂಗಳಲ್ಲಿ. ನಮ್ಮ ಮನೆ ಎಂಟನೇ ಮಹಡಿಯಲ್ಲಿತ್ತು. ಕಟ್ಟಡ ನೋಡಿಕೊಳ್ಳುತ್ತಿದ್ದ ಈಜಿಪ್ಟಿನ ಹಾರಿಸ್, ಕೇಳಿದಾಗಲೆಲ್ಲ "ಬುಕ್ರಾ, ಬುಕ್ರಾ" ಎನ್ನುತ್ತಿದ್ದ. ಅವನ ಆ ನಾಳೆ ಬರುವುದಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮೇಲಿನ ಮಹಡಿಗಳವರೆಲ್ಲ ಕೆಳಗಿನ ಬಕಾಲಾ ಅಂಗಡಿಗೆ ಫೋನ್ ಮಾಡಿ ಸಾಮಾನು ಮನೆ ಬಾಗಿಲಿಗೆ ತರಿಸಿಕೊಳ್ಳುವ ಏರ್ಪಾಟು ಮಾಡಿಕೊಂಡರು. ನಾನು ಮಾತ್ರ ಹತ್ತಿ ಇಳಿಯುತ್ತಿದ್ದೆ. ಮನೆಯವರು ಡ್ಯೂಟಿಗೆ ಹೋಗಿ, ರಜೆಯಲ್ಲಿದ್ದ ಮಗಳು ಕಂಪ್ಯೂಟರ್ ಮುಂದೆ ಕೂತ ಮೇಲೆ, ನನಗೆ ಹೊರಬೀಳಲು ಉಳಿದಿದ್ದ ನೆಪವೆಂದರೆ ಮೊಸರು, ಖುಬ್ಬೂಸು ರೊಟ್ಟಿ, ಕೊತ್ತಂಬರಿ ಸೊಪ್ಪು. ಅದನ್ನೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಹಾಗೆ ಹತ್ತುವಾಗ ಒಂದು ಬೆಳಿಗ್ಗೆ, ಐದನೇ ಮಹಡಿಯ ತಿರುವಿನಲ್ಲಿ ಒಬ್ಬಾಕೆ ಮೇಲಿನಿಂದ ದಡದಡ ಇಳಿದು ಬಂದರು. ನಾನು ಚೀಲ ಎದೆಗವಚಿಕೊಂಡು ಗೋಡೆಗೆ ಒರಗಿದೆ. ಐದು ನಿಮಿಷದಲ್ಲಿ ಅವರೇ ಕೆಳಗಿನಿಂದ ಮತ್ತೆ ಹತ್ತಿ ಬಂದರು. ನಾನಿನ್ನೂ ಆರನೆಯದರಲ್ಲಿ ಏದುಸಿರು ಬಿಡುತ್ತಿದ್ದೆ.

"ಏನರೆ ಮರ್ತು ಬಂದ್ರೇನ್ರಿ?" ಎಂದು ಕೇಳಿದೆ.

"ಇಲ್ಲ ಅಕ್ಕ, ಮರ್ತದ್ದು ಎಂತದ್ದೂ ಇಲ್ಲ. ಲಿಫ್ಟು ಹಾಳಾದದ್ದು ನನಗೆ ಒಳ್ಳೆಯದೇ ಆಯ್ತು. ಹತ್ತಿ ಇಳಿದು ಪ್ರಾಕ್ಟೀಸ್ ಮಾಡುವುದು" ಎಂದು ನಕ್ಕರು.

ಅವರು ಐದನೇ ಮಹಡಿಯವರು. ಮಂಗಳೂರಿನ ಕಡೆಯ ಕೊಂಕಣಿ ಮಾತಿನ ಕ್ರೈಸ್ತರು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಕಟ್ಟಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವರು, ಆಗ ನಲವತ್ತೊಂದಿರಬಹುದು. ಒಂದೇ ಕಟ್ಟಡದಲ್ಲಿ ಆರು ವರ್ಷ ಇದ್ದೂ ನಾವು ಮಾತಾಡಿದ್ದು ಅದೇ ಮೊದಲು. ಲಿಫ್ಟಿನಲ್ಲಿ ಯಾರು ಯಾರ ಜೊತೆ ಮಾತಾಡುತ್ತಾರೆ?

ನಾನು ಕುವೈತಿಗೆ ಬಂದದ್ದು ಮದುವೆಯಾದ ಮೂರನೇ ವರ್ಷ, ತೊಂಬತ್ತರ ದಶಕದ ಕೊನೆಯಲ್ಲಿ. ಮನೆಯವರು ತೈಲ ಸಂಸ್ಕರಣಾ ಘಟಕದಲ್ಲಿ ಟೆಕ್ನಿಶಿಯನ್. ಬಾಗಲಕೋಟೆಯ ಕಡೆಯಿಂದ ನೇರ ಈ ಮರಳಿನ ಬಯಲಿಗೆ ಬಂದಿಳಿದವಳು ನಾನು. ಇಲ್ಲಿ ನನಗೆ ಯಾವ ಕಷ್ಟವೂ ಇರಲಿಲ್ಲ. ಆದರೆ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಫಹಾಹೀಲಿನ ಮಾರುಕಟ್ಟೆಗೆ ಅವರು ಕಾರಿನಲ್ಲಿ ಕರೆದೊಯ್ಯುತ್ತಿದ್ದರು, ಡಾಕ್ಟರ ಹತ್ತಿರ ಮಗಳು ನನ್ನ ಪರವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು, ಊರಿಗೆ ಹೋಗುವಾಗ ವಿಮಾನದಲ್ಲಿ ಇಬ್ಬರ ನಡುವೆ ಕೂಡುತ್ತಿದ್ದೆ. ಅದು ನನಗೆ ಕೊರತೆ ಎಂದು ಅನ್ನಿಸಿಯೂ ಇರಲಿಲ್ಲ.

ಆಗಸ್ಟಿನಲ್ಲಿ ಲಿಫ್ಟು ಸರಿಯಾಯಿತು. ಅಷ್ಟು ಹೊತ್ತಿಗೆ ಸಿಸ್ಟರ್ ಜೊತೆ ಮೆಟ್ಟಿಲು ಹತ್ತುವುದು ನನಗೆ ರೂಢಿಯಾಗಿಬಿಟ್ಟಿತ್ತು. ಮೊದಮೊದಲು ಅವರು ಮೂರು ಸಲ ಹತ್ತಿದರೆ ನಾನು ಒಂದು ಸಲ. ಚಳಿಗಾಲ ಬರುವ ಹೊತ್ತಿಗೆ ಇಬ್ಬರೂ ಸರಿಸಮ. ಲಿಫ್ಟಿನ ಬಾಗಿಲು ತೆರೆದು ಕಾದು ನಿಂತ ಹಾರಿಸ್ ನಮ್ಮನ್ನು ನೋಡಿ ಹಣೆ ಚಚ್ಚಿಕೊಂಡು, "ಸರಿ ಮಾಡಿಸಿದ್ದೇನೆ, ಸರಿ ಮಾಡಿಸಿದ್ದೇನೆ" ಎಂದು ಅರಬ್ಬಿಯಲ್ಲಿ ಕೂಗುತ್ತಿದ್ದ. ಸಂಜೆ ಸಮುದ್ರದ ದಂಡೆಯ ಕಾಲುದಾರಿಯಲ್ಲಿ ನಡೆಯಲು ಶುರುಮಾಡಿದೆವು. ನಡಿಗೆ ಯಾವಾಗ ಓಟವಾಯಿತೋ ಹೇಳಲಾರೆ. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಓಡುತ್ತಿದ್ದವಳು ಒಂದು ದಿನ ದುಪಟ್ಟಾ ಮನೆಯಲ್ಲೇ ಬಿಟ್ಟು ಬಂದೆ.

ಸಿಸ್ಟರ್ ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಿದ್ದು ಮುಂದಿನ ವರ್ಷ. ಒಮಾನಿನ ಬೆಟ್ಟಗಳಲ್ಲಿ ಒಂದು ಓಟವಿದೆ. ಐವತ್ತು ಕಿಲೋಮೀಟರು. ಸಮುದ್ರಮಟ್ಟದಿಂದ ಬಹಳ ಎತ್ತರದಲ್ಲಿ, ಬರೀ ಕಲ್ಲುಬೆಟ್ಟದ ಮೇಲೆ, ಬೆಳಗಿನಿಂದ ಸಂಜೆಯ ತನಕ. ಜೊತೆಗೆ ಬರುತ್ತೇನೆಂದಿದ್ದ ಅವರ ಆಸ್ಪತ್ರೆಯ ಗೆಳತಿ ಬಸುರಿಯಾಗಿದ್ದಳು.

"ಅಕ್ಕ, ನೀವು ಬರ್ತೀರಾ? ಒಬ್ಬಳೇ ಹೋಗ್ಲಿಕ್ಕೆ ನನಗೆ ಬೇಜಾರು."

"ಬರ್ತೇನ್ರಿ" ಎಂದುಬಿಟ್ಟೆ. ಐವತ್ತು ಕಿಲೋಮೀಟರು ಎಂದರೆ ಎಷ್ಟು ದೂರ ಎಂದು ಯೋಚಿಸಿದ್ದು ಮನೆಗೆ ಬಂದ ಮೇಲೆ. ನಮ್ಮೂರಿನಿಂದ ಬಾದಾಮಿಗೆ ಹೋಗಿ, ಅಲ್ಲಿಂದ ಇನ್ನೂ ಮುಂದೆ.

ಊಟಕ್ಕೆ ಕೂತಾಗ ಹೇಳಿದೆ. ಮನೆಯವರು ರೊಟ್ಟಿ ಮುರಿಯುತ್ತಿದ್ದ ಕೈ ಅಲ್ಲೇ ನಿಲ್ಲಿಸಿದರು.

"ಓಡೂದು? ಯಾರ ಬೆನ್ನ ಹತ್ತ್ಯಾರ ನಿನಗ?"

"ಯಾರೂ ಹತ್ತಿಲ್ರಿ. ಸುಮ್ನ ಓಡೂದು."

"ಗುಡ್ಡದಾಗ?"

"ಹೌದ್ರಿ, ಗುಡ್ಡದಾಗ."

ಮಗಳು ಫೋನಿನಿಂದ ತಲೆಯೆತ್ತಿ, "ಮಮ್ಮಿ, ಆರ್ ಯು ಸೀರಿಯಸ್?" ಎಂದಳು. ನಾನು ಕನ್ನಡದಲ್ಲಿ ಹೌದೆಂದೆ. ಅವಳು ಅಪ್ಪನ ಕಡೆ ತಿರುಗಿ, "ಲೆಟ್ ಹರ್ ಗೋ, ಪಪ್ಪಾ" ಎಂದು ಮತ್ತೆ ಫೋನಿಗೆ ತಲೆ ಬಗ್ಗಿಸಿದಳು. ಮೂರನೆಯ ದಿನ ಮನೆಯವರು ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಾ, "ಇಲ್ಲಿ ಗುಡ್ಡ ಅಂತ ಇರೂದು ಮುತ್ಲಾ ಒಂದ. ಶುಕ್ರವಾರ ಕರ್ಕೊಂಡು ಹೋಗ್ತೇನಿ, ಇಬ್ರೂ ತಯಾರಾಗ್ರಿ" ಎಂದರು.

ಮುತ್ಲಾ ಎನ್ನುವುದು ಕುವೈತಿನ ಉತ್ತರಕ್ಕೆ, ಬಯಲಿನ ಅಂಚಿನಲ್ಲಿ ಎದ್ದು ನಿಂತ ಒಂದು ದಿಬ್ಬ. ನಮ್ಮ ಕಡೆಯವರು ಅದನ್ನು ಗುಡ್ಡ ಎಂದರೆ ನಗುತ್ತಾರೆ. ಆದರೆ ಈ ದೇಶದಲ್ಲಿ ಅದಕ್ಕಿಂತ ಎತ್ತರದ ನೆಲ ಸುಲಭಕ್ಕೆ ಸಿಗದು. ಆ ಚಳಿಗಾಲದ ಶುಕ್ರವಾರಗಳೆಲ್ಲ ಅಲ್ಲೇ ಕಳೆದವು. ಯುದ್ಧದ ಕಾಲದ ಮೈನುಗಳು ಇನ್ನೂ ಎಲ್ಲಾದರೂ ಹುಗಿದಿರಬಹುದೆಂದು, ಗಾಡಿಗಳ ಗಾಲಿ ಗುರುತು ಬಿಟ್ಟು ಆಚೆ ಕಾಲಿಡಬಾರದೆಂದು ಮನೆಯವರು ಕಟ್ಟಪ್ಪಣೆ ಮಾಡಿದ್ದರು. ನಾವು ಆ ಗಾಲಿ ಗುರುತಿನಲ್ಲೇ ಒಬ್ಬರ ಹಿಂದೆ ಒಬ್ಬರು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅವರು ಕಾರಿನ ಪಕ್ಕ ಚಾಪೆ ಹಾಸಿ, ಸಣ್ಣ ಗ್ಯಾಸ್ ಒಲೆಯ ಮೇಲೆ ಚಹಾ ಕುದಿಸಿಕೊಂಡು ಕೂತಿರುತ್ತಿದ್ದರು. ನಾವು ಬೆವರು ಸುರಿಸುತ್ತ ಬಂದರೆ, "ಏನ್ ಸಿಸ್ಟರ್, ಇವತ್ತರೆ ನಮ್ಮಾಕಿ ಸೋತ್ಲಾ?" ಎಂದು ಕೇಳುತ್ತಿದ್ದರು. "ಇಲ್ಲ ಸಾರ್, ನಿಮ್ಮ ಹೆಂಡ್ತಿ ಹತ್ತುವಾಗ ಮೇಕೆ. ಇಳಿಯುವಾಗ ಮಾತ್ರ ಮದುಮಗಳು" ಎನ್ನುತ್ತಿದ್ದರು ಸಿಸ್ಟರ್.

ಆ ಮಾತು ನಿಜ. ನನಗೆ ಇಳಿಜಾರಿನ ಭಯ. ಸಡಿಲ ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ಇಡೀ ಮೈ ಬಿಗಿಯಾಗುತ್ತಿತ್ತು. ಮೆಟ್ಟಿಲಿನಲ್ಲಿ ಕಲಿತ ಕಾಲಿಗೆ ಕಂಬಿ ಹಿಡಿಯದೆ ಇಳಿದು ಗೊತ್ತಿರಲಿಲ್ಲ.

ಓಟ ಜನವರಿ ಕೊನೆಗೆ. ಮಗಳಿಗೆ ಪರೀಕ್ಷೆ ಹತ್ತಿರವಿತ್ತು, ಮನೆಯವರಿಗೆ ರಜೆ ಸಿಗಲಿಲ್ಲ. ಹಾಗಾಗಿ ಹದಿನೈದು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅವರಿಲ್ಲದೆ ವಿಮಾನ ಹತ್ತಿದೆ. ಮಸ್ಕತ್ತಿನಿಂದ ಬೆಟ್ಟದ ಬುಡದ ತನಕ ಬಸ್ಸು. ಅಲ್ಲಿ ಪೊಲೀಸರ ತಪಾಸಣೆ. ಅಲ್ಲಿಂದ ಮೇಲಕ್ಕೆ ಜೀಪಿಗೆ ಮಾತ್ರ ಅಪ್ಪಣೆ. ಜೀಪು ತಿರುವು ತಿರುವಾಗಿ ಹತ್ತುತ್ತಿದ್ದಂತೆ ನಾನು ಕಿಟಕಿಗೆ ಮೂಗು ಹಚ್ಚಿ ಕೂತೆ. ಒಂದರ ಹಿಂದೆ ಒಂದು ಬೆಟ್ಟ, ಬೂದಿ ಬಣ್ಣ, ಕಂದು ಬಣ್ಣ. ಹುಲ್ಲು ಕಡ್ಡಿಯಿಲ್ಲ. ಆದರೆ ಕಣಿವೆಯ ಬಾಯಲ್ಲಿ ಇದ್ದಕ್ಕಿದ್ದಂತೆ ಒಂದು ಹಳ್ಳಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಪುಟ್ಟ ಹೊಲಗಳು, ಎಲೆ ಉದುರಿದ ದಾಳಿಂಬೆ ಗಿಡಗಳು, ಕಲ್ಲಿನ ಕಾಲುವೆಯಲ್ಲಿ ಹರಿಯುವ ನೀರು. ಸಿಸ್ಟರ್ ನನ್ನ ಕೈ ಹಿಸುಕಿ, "ಎಷ್ಟು ಚಂದ ಉಂಟಲ್ಲ ಅಕ್ಕ!" ಎಂದರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಸಾಲಾಗಿ ನಿಂತಿದ್ದೆವು. ಕುವೈತಿನಲ್ಲಿ ಕಂಡರಿಯದ ಚಳಿ. ಬಾಯಿಂದ ಹೊಗೆ ಬರುತ್ತಿತ್ತು. ಹೆಚ್ಚಿನವರು ಯುರೋಪಿನವರು, ಉದ್ದ ಕಾಲು, ತೆಳು ಮೈ. ಕೆಲವರು ಒಮಾನಿಗಳು. ನಮ್ಮ ವಯಸ್ಸಿನ, ನಮ್ಮ ಗಾತ್ರದ ಹೆಂಗಸರು ನಾವಿಬ್ಬರೇ. ನನ್ನ ಬೆನ್ನ ಚೀಲದಲ್ಲಿ ಕಡಕ್ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ; ಅವರದರಲ್ಲಿ ಉಪ್ಪು ಸವರಿದ ಬೇಯಿಸಿದ ಆಲೂಗಡ್ಡೆ, ಖರ್ಜೂರ. ಯಾರೋ "ಯಲ್ಲಾ!" ಎಂದು ಕೂಗಿದರು. ಹೊರಟೆವು.

ಮೊದಲ ಏರು ನನಗೆ ಹಬ್ಬ. ಕಾಲು ತಾನಾಗಿ ಎದ್ದು ಬರುತ್ತಿತ್ತು. ಅಲ್ಲಲ್ಲಿ ಕಲ್ಲಿಗೆ, ಪೊದೆಗೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ ದಾರಿ ತೋರಿಸಿದ್ದರು. ಬಿಸಿಲು ಬೆಟ್ಟದ ತುದಿಯಿಂದ ಇಳಿಯುತ್ತ ನಮ್ಮನ್ನು ಮುಟ್ಟುವ ಹೊತ್ತಿಗೆ ಆರೇಳು ಜನರನ್ನು ಹಿಂದೆ ಹಾಕಿದ್ದೆವು. ನಾನು ಮಾತಾಡುತ್ತ ಹತ್ತುತ್ತಿದ್ದೆ, ಸಿಸ್ಟರ್ ಉತ್ತರ ಕೊಡುತ್ತಿರಲಿಲ್ಲ. ಉಸಿರು ಉಳಿಸುತ್ತಿದ್ದಾರೆ ಎಂದುಕೊಂಡೆ. ಎರಡನೇ ದೊಡ್ಡ ಏರಿನ ನಡುವೆ ಅವರು ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿದರು. ಬಾಯಿ ತೊಳೆದು ಬಂದು ಮತ್ತೆ ಹತ್ತಿದರು. ಸ್ವಲ್ಪ ದೂರದಲ್ಲಿ ಮತ್ತೊಮ್ಮೆ. ಮೇಲಿನ ಬಯಲು ಮುಟ್ಟಿ, ನೀರು ಕೊಡುವ ಡೇರೆ ಕಂಡಾಗ ಅವರು ನೆಲಕ್ಕೆ ಕೂತರು. ಮುಖ ಬಿಳುಚಿತ್ತು.

"ಅಕ್ಕ, ನಂದು ಇಲ್ಲಿಗೆ ಸಾಕು."

"ಹಂಗ್ಯಾಕಂತೀರಿ? ಸ್ವಲ್ಪ ಕುಂದ್ರೂಣು. ಸಾವಕಾಶ ಹೋಗೂಣು."

"ಕೂತ್ರೆ ಹೋಗುವಂಥದ್ದಲ್ಲ ಇದು. ತಲೆ ಒಡೆದು ಹೋಗುವ ಹಾಗೆ ಆಗ್ತಾ ಉಂಟು. ಎತ್ತರ ನನಗೆ ಆಗಿ ಬರ್ಲಿಲ್ಲ. ಬೇರೆ ಯಾರಾದ್ರೂ ಹೀಗೆ ಬಂದಿದ್ರೆ ನಾನೇ ಕೂಡ್ಲೇ ಕೆಳಗೆ ಇಳಿಸ್ತಿದ್ದೆ."

ಡೇರೆಯಲ್ಲಿದ್ದ ಡಾಕ್ಟರು ಅವರ ಬೆರಳಿಗೆ ಆಮ್ಲಜನಕ ಅಳೆಯುವ ಸಾಧನ ಸಿಕ್ಕಿಸಿ ನೋಡಿ ತಲೆಯಾಡಿಸಿದರು. ಜೀಪು ಬರುವುದಿತ್ತು.

"ಹಂಗಾರ ನಾನೂ ನಿಮ್ಮ ಕೂಡ ಇಳೀತೇನ್ರಿ" ಎಂದೆ.

"ನಿಮಗೆ ಎಂತ ಆಗಿದೆ?"

"ಏನೂ ಆಗಿಲ್ಲ."

"ತಲೆನೋವು ಉಂಟಾ? ಕಾಲು ನೋವು?"

"ಇಲ್ರಿ. ಆದ್ರ ನಾ ಒಬ್ಬಾಕಿನ ಹೆಂಗ ಹೋಗ್ಲಿ?"

ಸಿಸ್ಟರ್ ಕಣ್ಣು ಮುಚ್ಚಿಕೊಂಡೇ ನಕ್ಕರು. "ಹೇಗೆ ಅಂದ್ರೆ? ಬಂದ ಹಾಗೆಯೇ. ನಾನು ನಿಮ್ಮನ್ನು ಹೊತ್ತುಕೊಂಡು ಬಂದೆನಾ? ರಿಬ್ಬನ್ ನೋಡ್ಕೊಂಡು ಹೋಗಿ. ಸಂಜೆ ಬಂದು ಎಲ್ಲ ಹೇಳಿ ನನಗೆ."

ತಮ್ಮ ಚೀಲದಿಂದ ಆಲೂಗಡ್ಡೆ ತೆಗೆದು ನನ್ನ ಚೀಲಕ್ಕೆ ಹಾಕಿದರು. ನಾನು ಎದ್ದು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದೆ. ಅವರು ಕಂಬಳಿ ಹೊದ್ದು ಮಲಗಿ, ಕೈಯಿಂದ ಹೋಗಿ ಹೋಗಿ ಎನ್ನುತ್ತಿದ್ದರು.

ಆ ಬಯಲು ಉದ್ದಕ್ಕೂ ಬಿದ್ದಿತ್ತು. ಸೀಳು ಸೀಳಾದ ಬಿಳಿಗಲ್ಲು, ಅಲ್ಲೊಂದು ಇಲ್ಲೊಂದು ತಿರುಚಿದ ಮುದಿ ಮರ, ಎರಡು ಕತ್ತೆಗಳು. ಮುಂದಿನವರು ಕಣ್ಣಿಗೆ ಕಾಣದಷ್ಟು ಮುಂದೆ ಹೋಗಿದ್ದರು, ಹಿಂದಿನವರು ಇನ್ನೂ ಬಂದಿರಲಿಲ್ಲ. ಸುತ್ತ ಎಷ್ಟು ದೂರ ನೋಡಿದರೂ ಒಂದು ನರಪಿಳ್ಳೆಯಿಲ್ಲ. ಹೆದರಿಕೆ ಹೋಗಲೆಂದು ಮಾತಾಡಲು ಶುರುಮಾಡಿದೆ. ಮೊದಲು ಪಿಸುಮಾತು, "ಅಲ್ಲಿ ಕಾಣ್ತದಲ್ಲ, ಅದ ರಿಬ್ಬನ್ನು." ಆಮೇಲೆ ಗಟ್ಟಿಯಾಗಿ. ಮೇಲಿನ ಮನೆಯವರಿಗೆ ಕೇಳೀತು, ಮಗಳ ಓದಿಗೆ ತೊಂದರೆಯಾದೀತು ಎಂಬ ಅಂಜಿಕೆಯಿಲ್ಲದೆ, ನಮ್ಮೂರ ಭಾಷೆಯಲ್ಲಿ, ಪೂರಾ ದನಿ ತೆಗೆದು. ಕತ್ತೆಗಳಿಗೂ ಎರಡು ಮಾತು ಹೇಳಿದೆ. ಅವು ಕಿವಿ ನಿಮಿರಿಸಿ ನೋಡಿದವು. ನನಗೆ ನಗು ಬಂತು. ನಗುತ್ತ ನಗುತ್ತಲೇ ಓಡಿದೆ. ಗಾಳಿ ತಣ್ಣಗಿತ್ತು, ಬಿಸಿಲು ಹಿತವಾಗಿತ್ತು. ಆ ಬಯಲಿನಲ್ಲಿ ಎಷ್ಟು ಹೊತ್ತು ಇದ್ದೆನೋ ತಿಳಿಯದು. ಅಷ್ಟು ಸಂತೋಷವನ್ನು ನಾನು ಎಂದೂ ಒಬ್ಬಳೇ ಉಂಡವಳಲ್ಲ.

ಇಳಿಜಾರು ಬಂದಾಗ ಆ ಸಂತೋಷ ಒಂದೇ ಏಟಿಗೆ ಇಳಿದುಹೋಯಿತು. ಬೆಟ್ಟದ ಅಂಚಿನಿಂದ ಕಣಿವೆಗೆ ನೇರ ಇಳಿಯುವ ಹಳೆಯ ಕತ್ತೆದಾರಿ. ಒಂದು ಕಡೆ ಗೋಡೆಯಂಥ ಬಂಡೆ, ಇನ್ನೊಂದು ಕಡೆ ಬರೀ ಗಾಳಿ. ಮೊದಲ ಹೆಜ್ಜೆಗೇ ಕಲ್ಲು ಜಾರಿತು. ಕೂತುಬಿಟ್ಟೆ. ಹಿಂದೆ ಹಾಕಿದ್ದವರೆಲ್ಲ ಒಬ್ಬೊಬ್ಬರಾಗಿ ಬಂದು, "ಆರ್ ಯು ಓಕೆ?" ಎಂದು ಕೇಳಿ, ನಾನು ಓಕೆ ಎಂದ ಮೇಲೆ ಆಡಿನ ಹಾಗೆ ಇಳಿದು ಹೋದರು.

ಕೊನೆಗೆ ಬಂದವನು ಒಬ್ಬ ಒಮಾನಿ. ನಡುವಯಸ್ಸು, ತಲೆಗೆ ಸುತ್ತಿದ ರುಮಾಲು, ಕೈಯಲ್ಲಿ ಬಿಚ್ಚಿದ ರಿಬ್ಬನ್ನುಗಳ ದೊಡ್ಡ ಗಂಟು. ಕಟ್ಟಕಡೆಯ ಓಟಗಾರರ ಹಿಂದೆ ನಡೆದು ದಾರಿಯ ಗುರುತು ಬಿಚ್ಚಿಕೊಂಡು ಬರುವುದು ಅವನ ಕೆಲಸ. ಅವನು ಬಂದನೆಂದರೆ ನನ್ನ ಹಿಂದೆ ಯಾರೂ ಇಲ್ಲ. ವಾಪಸು ಹೋಗಲು ದಾರಿಯ ಗುರುತೂ ಇಲ್ಲ.

"ಖಾಲಾ, ತಅಬಾನಾ?" ಎಂದು ಕೇಳಿದ. ಚಿಕ್ಕಮ್ಮಾ, ದಣಿದಿರಾ ಎಂದು.

ಬಕಾಲಾದಲ್ಲಿ ಕಲಿತ ನನ್ನ ಹರಕು ಅರಬ್ಬಿಯಲ್ಲಿ, ದಣಿದಿಲ್ಲ, ಹೆದರಿಕೆ ಎಂದೆ. ಅವನು ನಗಲಿಲ್ಲ. ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ಕಹಿ ಕಾಫಿ ಬಗ್ಗಿಸಿ ಕೊಟ್ಟ. ನಾನು ಶೇಂಗಾ ಹೋಳಿಗೆ ಕೊಟ್ಟೆ. ತಿಂದು, ಇನ್ನೊಂದು ಕೇಳಿ ಇಸಿದುಕೊಂಡ. ಆಮೇಲೆ "ಶ್ವಯ್ ಶ್ವಯ್" ಎಂದು, ನಿಧಾನ ನಿಧಾನ ಎಂದು, ನಾನು ಏಳುವುದನ್ನೇ ಕಾದು ನಿಂತ.

ಎದ್ದೆ. ಕಾಲು ಮುಂದೆ ಹೋಗಲೊಲ್ಲದು. ಕಣಿವೆ ನೋಡಿದರೆ ತಲೆ ತಿರುಗುತ್ತಿತ್ತು. ನೋಡದಿದ್ದರಾಯಿತಲ್ಲ ಎನ್ನಿಸಿತು. ತಿರುಗಿ, ಬೆಟ್ಟಕ್ಕೆ ಮುಖ ಮಾಡಿ, ಅಟ್ಟದ ಏಣಿ ಇಳಿಯುವ ಹಾಗೆ ಕೈಯಿಂದ ಬಂಡೆ ಹಿಡಿದು ಒಂದು ಕಾಲು ಕೆಳಗೆ ಬಿಟ್ಟೆ. ನೆಲ ಸಿಕ್ಕಿತು. ಇನ್ನೊಂದು ಕಾಲು. ಅದಕ್ಕೂ ಸಿಕ್ಕಿತು. ಅವನು ಈ ತಮಾಷೆ ನೋಡಿ ಈಗ ನಕ್ಕ. ನಾನೂ ನಕ್ಕೆ. ತೀರ ಕಡಿದಾದ ಜಾಗಗಳನ್ನೆಲ್ಲ ಹಾಗೇ ಹಿಮ್ಮುಖವಾಗಿ ಇಳಿದೆ. ನಡುನಡುವೆ ಮುಖ ತಿರುಗಿಸಿ ನಾಲ್ಕು ಹೆಜ್ಜೆ ಸರಿಯಾಗಿ ಇಡುವುದು, ಹೆದರಿದರೆ ಮತ್ತೆ ತಿರುಗುವುದು. ಕೆಳಕೆಳಗೆ ಹೋದಂತೆ ಆ ನಾಲ್ಕು ಹೆಜ್ಜೆ ಹತ್ತಾದವು, ಇಪ್ಪತ್ತಾದವು. ಕಣಿವೆಯ ತಳದಲ್ಲಿ ಕಾಲುವೆಯ ಸದ್ದು ಕೇಳಿದಾಗ ನಾನು ಮುಂದಕ್ಕೆ ಮುಖ ಮಾಡಿಯೇ ಇಳಿಯುತ್ತಿದ್ದೆ.

ಆದರೆ ಹೊತ್ತು ಮೀರಿತ್ತು. ಕೊನೆಯ ತಪಾಸಣೆಯ ಜಾಗದಲ್ಲಿ ಕೂತಿದ್ದವನು ಗಡಿಯಾರ ತೋರಿಸಿ, "ಸಾರಿ ಮೇಡಮ್. ಟೈಮ್ ಖಲಾಸ್" ಎಂದ. ಎದೆಯ ಮೇಲಿನ ನಂಬರು ಬಿಚ್ಚಿ ಅವನ ಕೈಗೆ ಕೊಟ್ಟೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಸಿವಾಗಿತ್ತು. ಮುರಿದು ಚೂರಾದ ರೊಟ್ಟಿಯನ್ನು ಚೀಲದಿಂದ ಬೊಗಸೆಯಲ್ಲಿ ತೆಗೆದು ತಿನ್ನುತ್ತಿದ್ದಾಗ ಕೆಳಗಿನಿಂದ ಒಂದು ಜೀಪು ಬಂದು ನಿಂತಿತು. ಸಿಸ್ಟರ್ ಇಳಿದರು. ಕೆಳಗಿಳಿದು ಎರಡು ಗಂಟೆ ಮಲಗಿದ್ದೇ ಅವರ ತಲೆನೋವು ಬಿಟ್ಟು ಹೋಗಿತ್ತು.

"ಕಾಲು ಸರಿ ಉಂಟಾ ನಿಮ್ದು?" ಅವರ ಮೊದಲ ಪ್ರಶ್ನೆ.

"ಕಾಲು ಸರಿ ಅದಾವ್ರಿ. ಟೈಮ್ ಮುಗೀತಂತ. ಗಾಡಿ ಹತ್ತು ಅನ್ನಾಕತ್ತ್ಯಾರ."

"ಇನ್ನೆಷ್ಟು ಉಂಟು?"

"ನಾಕ್ ಕಿಲೋಮೀಟರ್ ಅಂತ. ಡಾಂಬರ್ ರಸ್ತೆ."

ಸಿಸ್ಟರ್ ತಪಾಸಣೆಯವನ ಹತ್ತಿರ ಹೋಗಿ, ಓಟ ಮುಗಿಯಿತು ಸರಿ, ಆದರೆ ರಸ್ತೆ ಮುಚ್ಚಿದೆಯಾ ಎಂದು ಕೇಳಿದರು. ರಸ್ತೆ ಯಾಕೆ ಮುಚ್ಚುತ್ತದೆ, ಎಂದ ಅವನು. "ಹಾಗಾದ್ರೆ ನಾವು ನಡೀತೇವೆ" ಎಂದು ಬಂದು, ನನ್ನ ಬೆನ್ನ ಚೀಲ ತಾವು ಹಾಕಿಕೊಂಡರು. ರಿಬ್ಬನ್ ಗಂಟಿನವನು ನಮ್ಮ ಹಿಂದೆ ಬರಲಿಲ್ಲ. ಅವನ ಕೆಲಸ ಅಲ್ಲಿಗೆ ಮುಗಿದಿತ್ತು. ಕೈ ಎತ್ತಿ ಬೀಳ್ಕೊಟ್ಟ.

ಸಂಜೆ ಬಿಸಿಲಿನಲ್ಲಿ ಎದುರಿನ ಬೆಟ್ಟ ಕೆಂಪಗಾಗಿತ್ತು. ನಾನು ಬಯಲಿನದು, ಕತ್ತೆಗಳದು, ಹಿಮ್ಮುಖ ಇಳಿದದ್ದು ಎಲ್ಲವನ್ನೂ ಹೇಳುತ್ತ ಹೋದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಓಟ ಮುಗಿಯುವ ಹಳ್ಳಿ ಮುಟ್ಟಿದಾಗ, ಗಾಳಿ ತುಂಬಿ ನಿಲ್ಲಿಸಿದ್ದ ಕಮಾನನ್ನು ಇಳಿಸಿ ಮಡಿಸುತ್ತಿದ್ದರು. ಪದಕವಿಲ್ಲ, ಫೋಟೋ ಇಲ್ಲ. ಬಿಸಿ ಅನ್ನ, ಮಾಂಸದ ಸಾರು ಉಳಿದಿತ್ತು. ಮಾಂಸ ತಿನ್ನದ ನನಗೆ ಬರೀ ಅನ್ನ, ಮೊಸರು. ಎರಡು ತಟ್ಟೆ ಉಂಡೆ.

ಮನೆಗೆ ಫೋನ್ ಮಾಡಿದಾಗ ಮಗಳು ಎತ್ತಿದಳು. "ಡಿಡ್ ಯು ಫಿನಿಶ್?" ಎಂದು ಕೇಳಿದಳು. ಇಲ್ಲವ್ವ, ತಡ ಆತು ಎಂದೆ. ಹಿಂದಿನಿಂದ ಮನೆಯವರ ದನಿ ಕೇಳಿಸಿತು: "ಅರಾಮ ಅದಾಳೇನ ಕೇಳು." ಮಗಳು, "ಮಮ್ಮಿ, ಮತ್ತ ಹೋಗ್ತೀ?" ಎಂದಳು, ಕನ್ನಡದಲ್ಲಿ.

ಮತ್ತೆ ಹೋದೆವು, ಮರುವರ್ಷವೇ. ಈ ಸಲ ಸಿಸ್ಟರ್ ನಾಲ್ಕು ದಿನ ಮೊದಲೇ ರಜೆ ಹಾಕಿ, ಮೇಲಿನ ಹಳ್ಳಿಯಲ್ಲಿ ಮೈಯನ್ನು ಎತ್ತರಕ್ಕೆ ಒಗ್ಗಿಸಿಕೊಳ್ಳಬೇಕೆಂದು ಹಟ ಹಿಡಿದರು. ಅದು ಫಲಿಸಿತು. ತಲೆಭಾರ ಬಂತು, ವಾಂತಿ ಬರಲಿಲ್ಲ. ಇಳಿಜಾರಿನಲ್ಲಿ ಅವರು ಮುಂದೆ, ಅವರು ಹೆಜ್ಜೆಯಿಟ್ಟ ಜಾಗದಲ್ಲೇ ನನ್ನ ಹೆಜ್ಜೆ. ಹೊತ್ತು ಮುಗಿಯುವುದಕ್ಕೆ ಸ್ವಲ್ಪವೇ ಮೊದಲು ಕಮಾನಿನ ಕೆಳಗೆ ಹೋದೆವು. ಯಾರೋ ಕೊರಳಿಗೆ ಪದಕ ಹಾಕಿದರು. ಸಿಸ್ಟರ್ ಬಿಕ್ಕಿ ಬಿಕ್ಕಿ ಅತ್ತರು. ನಾನು ಅವರ ಬೆನ್ನು ಸವರುತ್ತ ನಿಂತೆ.

ಎರಡು ವರ್ಷದ ನಂತರ ಅವರು ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದರು. ಅಲ್ಲಿ ಸದಾ ಮಳೆಯಂತೆ, ಹಸಿರು ಗುಡ್ಡಗಳಂತೆ, ಓಡುತ್ತಲೇ ಇದ್ದಾರೆ. ಅವರು ಹೋದ ಚಳಿಗಾಲದಲ್ಲಿ ನಾನು ಕಾರು ಕಲಿತೆ. ಮೂರನೇ ಪರೀಕ್ಷೆಗೆ ಲೈಸೆನ್ಸು ಸಿಕ್ಕಿತು. ಈಗ ಶುಕ್ರವಾರ ಬೆಳಿಗ್ಗೆ ನಾನೇ ಗಾಡಿ ಓಡಿಸಿಕೊಂಡು ಮುತ್ಲಾಕ್ಕೆ ಹೋಗುತ್ತೇನೆ, ಬರುವವರನ್ನು ಕರೆದುಕೊಂಡು. ಒಮ್ಮೆ ನಾಲ್ವರು ಬರುತ್ತಾರೆ, ಒಮ್ಮೆ ಯಾರೂ ಬರುವುದಿಲ್ಲ.

ಹೋದ ಫೆಬ್ರವರಿಯಲ್ಲಿ ಖೈತಾನ್ ಬಡಾವಣೆಯಿಂದ ಹೊಸಬಳೊಬ್ಬಳು ಬಂದಿದ್ದಳು. ಶಾಲೆಯ ಟೀಚರು, ಕಲಬುರಗಿಯ ಕಡೆಯವಳು, ಎರಡು ಮಕ್ಕಳ ತಾಯಿ. ಹಿಂದಿನ ವಾರ ಬಿದ್ದ ಮಳೆಗೆ ಬಯಲೆಲ್ಲ ತೆಳ್ಳಗೆ ಹಸಿರಾಗಿ, ಅಲ್ಲಲ್ಲಿ ಹಳದಿ ಹೂ ಬಿಟ್ಟಿತ್ತು. ನನ್ನ ಒಮಾನಿನ ಓಟದ ಕತೆ ಕೇಳುತ್ತ ಹತ್ತಿದವಳು ದಿಬ್ಬದ ಮೇಲೆ ಮುಟ್ಟುತ್ತಲೇ ಸೊಂಟ ಹಿಡಿದು ಕೂತಳು. ಉಸಿರು ತಹಬಂದಿಗೆ ಬಂದ ಮೇಲೆ, "ಅಕ್ಕಾ, ನೀವು ಹೋದ ಗುಡ್ಡ ಯಾವ ದಿಕ್ಕಿಗದ?" ಎಂದು ಕೇಳಿದಳು.

ನಾನು ಆಗ್ನೇಯಕ್ಕೆ ಕೈ ತೋರಿಸಿದೆ. ಅಲ್ಲಿ ಕಾಣುತ್ತಿದ್ದದ್ದು ವಿದ್ಯುತ್ ಕಂಬಗಳ ಸಾಲು, ಅದರಾಚೆ ಧೂಳಿನ ಮಬ್ಬು. ಅವಳು ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಅತ್ತ ನೋಡಿದಳು.

"ನಾಕ್ ದಿನ ಹುಡುಗ್ರನ್ನ ಯಾರ ನೋಡ್ಕೋತಾರ?" ಎಂದಳು, ನನ್ನನ್ನಲ್ಲ, ತನ್ನನ್ನೇ ಕೇಳಿಕೊಳ್ಳುವವಳ ಹಾಗೆ.

"ಅದನ್ನ ಇಳೀತ ಇಳೀತ ಮಾತಾಡೂಣು, ಬಾ" ಎಂದೆ.